ಅಪ್ಪನ ಬಹುವಚನ

ಪ್ರಾರ್ಥನಾ ಮಂದಿರದ ಗ್ರಂಥ ನಮ್ಮ ಬೈಂಡಿಂಗ್ ಅಂಗಡಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಆರುನೂರ ಎಂಟು ಪುಟ, ಹದಿನಾರು ಪುಟದ ಮಡಿಕೆಗೆ ಒಂದರಂತೆ ಮೂವತ್ತೆಂಟು ಫಾರಂ, ಬೆನ್ನಿನ ಹೊಲಿಗೆ ಪೂರ್ತಿ ಸಡಿಲ. ಮಂದಿರದ ವ್ಯವಸ್ಥಾಪಕರು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಹೊಲಿಗೆ ಮುಗಿಯುವವರೆಗೆ ಇಲ್ಲೇ ಕೂತಿರುತ್ತೇನೆ ಎಂದರು. ನಾನು ಮೇಜು ಒರೆಸಿ, ಬಿಳಿ ಬಟ್ಟೆ ಹಾಸಿ, ಎರಡು ಸಲ ಕೈ ತೊಳೆದೆ.

ಅಂಗಡಿಯಲ್ಲಿ ಹೊಲಿಗೆ ಅಪ್ಪನದು, ರಟ್ಟು ಮತ್ತು ಅಂಟಿನ ಕೆಲಸ ನನ್ನದು. ಅಪ್ಪನಿಗೆ ಆಗ ಎಪ್ಪತ್ತೊಂದು. ಬಲಗೈ ಸ್ವಲ್ಪ ನಡುಗುತ್ತಿತ್ತು. ಶಾಲೆ ಪುಸ್ತಕಗಳಿಗೆ, ಕಚೇರಿಯ ರಿಜಿಸ್ಟರುಗಳಿಗೆ ಅದರಿಂದ ತೊಂದರೆಯಾಗಿರಲಿಲ್ಲ.

ಆರನೇ ಫಾರಂ ಹೊಲಿಯುವಾಗ ಸೂಜಿ ಜಾರಿ ಒಂದು ಪುಟದ ಅಂಚು ಅರ್ಧ ಇಂಚು ಹರಿಯಿತು. ತೆಳು ಕಾಗದ ಅಂಟಿಸಿದರೆ ಐದು ನಿಮಿಷದ ಕೆಲಸ. ಆದರೆ ವ್ಯವಸ್ಥಾಪಕರು ಕುರ್ಚಿಯಿಂದ ಅರ್ಧ ಎದ್ದಿದ್ದರು.

"ತೆಗಿ ಕೈ!" ಎಂದು ಕಿರುಚಿದೆ. "ಶಾಲೆ ಪುಸ್ತಕ ಅಂದ್ಕೊಂಡ್ಯಾ ಇದನ್ನ? ಇದಕ್ಕೊಂದು ಮರ್ಯಾದೆ ಇದೆ!"

ಮಾತು ಬಂದಾಗಿನಿಂದ ನಾನು ಅಪ್ಪನನ್ನು 'ನೀವು' ಎಂದೇ ಕರೆದವನು. ಅಪ್ಪ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರು.

"ಸರಿ. ನೀವೇ ಮಾಡಿ."

"ಏನು ಯಜಮಾನ್ರೇ, ಮಗನಿಗೆ ಒಂದೇ ಏಟಿಗೆ ಪ್ರಮೋಷನ್ನಾ?" ಎಂದು ವ್ಯವಸ್ಥಾಪಕರು ನಕ್ಕರು. ನಾನೂ ನಕ್ಕೆ. ಅದು ನನ್ನ ಎರಡನೇ ತಪ್ಪು.

ಸಂಜೆ ಮನೆಯಲ್ಲಿ ಅಪ್ಪ, "ನಿಮ್ಮದು ಊಟ ಆಯ್ತಾ?" ಎಂದರು. ಮರುದಿನವೂ ಹಾಗೇ. ವಾರ ಕಳೆಯಿತು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಹೊಲಿಗೆಗೆ ಮಾತ್ರ ಮತ್ತೆ ಕೂರಲಿಲ್ಲ.

"ಮಾವ ನನಗೂ ನೀನು ಅಂತಾರೆ, ಬೀದಿ ನಾಯಿಗೂ ನೀನು ಅಂತಾರೆ. ನಿಮಗೊಬ್ಬರಿಗೇ ಯಾಕ್ರೀ ಈ ಸನ್ಮಾನ?" ಎಂದಳು ಹೆಂಡತಿ. ನಡೆದದ್ದು ಹೇಳಿದೆ. ಅವಳು ನಗುವುದನ್ನು ನಿಲ್ಲಿಸಿದಳು. "ಹೋಗಿ ತಪ್ಪಾಯ್ತು ಅನ್ನಿ."

ಅಂದೆ. ಶಾಲೆಯ ಇಪ್ಪತ್ತು ಪುಸ್ತಕ ಮುಂದಿಟ್ಟು, "ತಪ್ಪಾಯ್ತಪ್ಪ. ನೀವು ಹೊಲಿದ್ರೇನೇ ಚೆಂದ" ಎಂದೆ.

"ನನ್ನ ಕೈ ನಿಮ್ಮ ಕೆಲಸಕ್ಕೆ ಸರಿಹೋಗಲ್ಲ ಬಿಡಿ."

"ಬೇಕಾದ್ರೆ ಬಯ್ಯಿರಿ. ಮುಠ್ಠಾಳ ಅನ್ನಿ. ಮೊದಲೆಲ್ಲ ದಿನಕ್ಕೆ ನಾಲ್ಕು ಸಲ ಅಂತಿದ್ರಲ್ಲ!"

"ಅಯ್ಯೋ, ನಿಮಗೆ ಹಾಗೆಲ್ಲ ಅನ್ನೋಕಾಗತ್ತಾ?" ಎಂದು ಅವರು ಕನ್ನಡಕ ಒರೆಸುತ್ತ ಕೂತರು.

ಎಂಟು ತಿಂಗಳಾದ ಮೇಲೆ ವ್ಯವಸ್ಥಾಪಕರು ನನ್ನನ್ನು ಮಂದಿರಕ್ಕೆ ಕರೆದರು. ಗ್ರಂಥ ಹೊಲಿದವನೆಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಪುಟ ತೆರೆದಾಗ ಇನ್ನೂರು ಜನ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ನಂತರ ಎಲ್ಲರೂ ಒಟ್ಟಾಗಿ ಹೇಳಿದ ಪ್ರಾರ್ಥನೆಯಲ್ಲಿ ದೇವರಿಗೆ ಒಂದು ಕಡೆಯೂ 'ನೀವು' ಇರಲಿಲ್ಲ. ನೀನೇ ಕಾಪಾಡು, ನೀನೇ ದಾರಿ ತೋರು, ನಿನ್ನ ಮಕ್ಕಳು ನಾವು. ಯಾರಿಗೂ ಅದು ಅಗೌರವ ಅನ್ನಿಸಲಿಲ್ಲ. ಚಿಕ್ಕಂದಿನಿಂದ ಕೇಳಿದ ಮಾತೇ. ಆದರೆ ಆ ಹೊತ್ತು ಆ 'ನೀನು' ನನಗೆ ಬೇರೆಯಾಗಿ ಕೇಳಿಸಿತು. ತನ್ನವರು ಎಂದುಕೊಂಡವರಿಗೆ ಮಾತ್ರ ಸಿಗುವ ಮಾತು ಅದು. ನನ್ನ ಪಾಲಿನದನ್ನು ನಾನು ಅರ್ಧ ಇಂಚು ಕಾಗದಕ್ಕೆ ಕಳೆದುಕೊಂಡಿದ್ದೆ.

ಪ್ರಾರ್ಥನೆ ಮುಗಿದ ಮೇಲೆ ವ್ಯವಸ್ಥಾಪಕರು ಗ್ರಂಥದ ಬೆನ್ನು ಸವರಿ, "ಹೊಲಿಗೆ ಅಂದ್ರೆ ಇದು!" ಎಂದರು. ಮೊದಲ ಐದು ಫಾರಂ ಅಪ್ಪ ಹೊಲಿದದ್ದು ಎಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಆಗಲೇ ಬೇರೆಯವರತ್ತ ತಿರುಗಿದ್ದರು.

ಮನೆಗೆ ಬಂದಾಗ ಅಪ್ಪ ಕಿಟಕಿಯ ಪಕ್ಕ ಕೂತು ಪೇಪರ್ ಓದುತ್ತಿದ್ದರು. ಕೋಣೆಯಲ್ಲಿ ಇದ್ದದ್ದು ಅದೊಂದೇ ಕುರ್ಚಿ. ನನ್ನನ್ನು ಕಂಡು ಪೇಪರ್ ಮಡಚಿ, ಗೋಡೆ ಹಿಡಿದು ಮೆಲ್ಲಗೆ ಎದ್ದರು.

"ಬನ್ನಿ, ಕೂತ್ಕೊಳ್ಳಿ."

"ಬೇಡಪ್ಪ, ನೀವು ಕೂತ್ಕೊಳ್ಳಿ."

ಅವರು ಕೂರಲಿಲ್ಲ. ನಾನೂ ಕೂರಲಿಲ್ಲ.