ಜಾಯಿಕಾಯಿ ಎಣ್ಣೆ

“ಈ ಎಣ್ಣೆಯಲ್ಲಿ ಎಂತೆಲ್ಲ ಉಂಟು?” ಪುತ್ತೂರಿನ ಡಾಕ್ಟರು ಸಣ್ಣ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು. ಮಂಚದ ಮೇಲಿನ ಎಳೆಕೂಸು ಬೆಳಗಿನಿಂದ ಕಣ್ಣು ತೆರೆದಿರಲಿಲ್ಲ.

ಕೂಸಿನ ಅಪ್ಪ ಚೆನ್ನಕೇಶವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಸವಣೂರಿನ ತೋಟದ ಜಾಯಿಕಾಯಿಯಿಂದ ಆ ಎಣ್ಣೆ ಇಳಿಸಿದವನೂ ಅವನೇ. “ಪೈನೀನ್ ಉಂಟು, ಸ್ಯಾಬಿನೀನ್ ಉಂಟು. ಇನ್ನೊಂದು ಉಂಟು ಡಾಕ್ಟ್ರೆ, ಅದು ಎಂತದೂಂತ ಇನ್ನೂ ಗೊತ್ತಾಗ್ಲಿಲ್ಲ,” ಎಂದ. ಹೇಳುವಾಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಎಷ್ಟು ಕೊಟ್ಟದ್ದು?”

ಅವನ ತಾಯಿ ಪರಮೇಶ್ವರಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಕೂಸು ನಿದ್ದೆಯಿಲ್ಲದೆ ಅತ್ತರೆ ಜಾಯಿಕಾಯಿಯನ್ನು ಕಲ್ಲಿನ ಮೇಲೆ ಎದೆಹಾಲಲ್ಲಿ ಒಂದೇ ಸುತ್ತು ತೇದು ನೆಕ್ಕಿಸುವುದು ಈ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಮಗನನ್ನೂ ಅವರು ಹಾಗೇ ಸಾಕಿದ್ದು. ಈಗ ಕೈಗಂಟು ಬಾತು ತೇಯಲು ಆಗದೆ ಎಣ್ಣೆಯನ್ನೇ ಕುಡಿಸಿದ್ದರು.

“ಅರ್ಧ ಚಮಚೆ. ಜಾಯಿಕಾಯಿಯದ್ದೇ ಸತ್ವ, ಬೇರೆ ಎಂತದೂ ಇಲ್ಲ ಅಂತ ಇವನೇ ಹೇಳಿದ್ದಲ್ವಾ ಡಾಕ್ಟ್ರೆ?”

ಹೇಳಿದ್ದು ಹೌದು. ಬಾಟಲಿಯನ್ನು ಅಡುಗೆಮನೆಯ ಗೂಡಿನಲ್ಲಿಟ್ಟು ಜಂಬದಿಂದಲೇ ಹೇಳಿದ್ದ.

ಸಂಜೆಗೆ ಕೂಸು ಹೋಯಿತು. “ಎಣ್ಣೆಯಲ್ಲಿ ಎಂತ ಉಂಟೂಂತ ಗೊತ್ತಿಲ್ಲದೆ ಅದರಿಂದಲೇ ಅಂತ ಹೇಳ್ಲಿಕ್ಕೆ ಆಗುದಿಲ್ಲ,” ಎಂದರು ಡಾಕ್ಟರು. ಪರಮೇಶ್ವರಿಯಮ್ಮ ಆ ಮಾತೊಂದನ್ನೇ ಹಿಡಿದುಕೊಂಡು ಜೀವ ಇಟ್ಟುಕೊಂಡಿದ್ದರು. ಸೊಸೆ ವಸುಮತಿ ಅವರನ್ನು ಏನೂ ಅನ್ನಲಿಲ್ಲ.

ಗೊತ್ತಾಗದ ಆ ಇನ್ನೊಂದು ಇದೇ ಇರಬಹುದೆಂದು ಊಹಿಸಿ ಚೆನ್ನಕೇಶವ ಕೇಳಿದ್ದ ಶುದ್ಧ ವಸ್ತುವಿನ ಮಾದರಿ ಮಳೆಗಾಲದ ಮುಂಚೆ ಮೈಸೂರಿನಿಂದ ಬಂತು. ಬಿಳಿ ಪುಡಿ ಬಳಿದ ಗಾಜಿನ ಮೇಲೆ ಅದರದ್ದೊಂದು ಬೊಟ್ಟು, ಪಕ್ಕದಲ್ಲಿ ತನ್ನ ಎಣ್ಣೆಯದ್ದೊಂದು ಬೊಟ್ಟು ಇಟ್ಟ. ಗಾಜಿನ ಬುಡವನ್ನು ದ್ರಾವಕದಲ್ಲಿ ನಿಲ್ಲಿಸಿ, ಅದು ಮೇಲೇರಿದ ಮೇಲೆ ಗಾಜನ್ನು ಅಯೊಡಿನ್ ಜಾಡಿಯೊಳಗಿಟ್ಟು ಕಾದ. ಎರಡು ಕಂದು ಕಲೆಗಳು ಒಂದೇ ಎತ್ತರದಲ್ಲಿ ಎದ್ದವು; ಎರಡೂ ಒಂದೇ ವಸ್ತು. ಮಿರಿಸ್ಟಿಸಿನ್. ಮಂಪರು ಬರಿಸುವಂಥದ್ದು. ಎಣ್ಣೆಯಲ್ಲಿ ಅದು ಕಡಿಮೆಯೇನೂ ಇರಲಿಲ್ಲ.

ಮನೆಗೆ ಬಂದಾಗ ತಾಯಿ ಜಗಲಿಯಲ್ಲಿ ಕಾಯುತ್ತಿದ್ದರು.

“ಆ ಇನ್ನೊಂದು ಎಂತದೂಂತ ಗೊತ್ತಾಯ್ತಾ ಮಗಾ?”

“ಎಂತದೂ ಅಲ್ಲಮ್ಮ. ಬರೀ ಪರಿಮಳದ್ದು.”

ಪರಮೇಶ್ವರಿಯಮ್ಮ ಸಮಾಧಾನದ ಉಸಿರು ಬಿಟ್ಟು ಗೋಡೆಗೆ ಒರಗಿದರು. ನೀರಿನ ಚೆಂಬು ಹಿಡಿದು ಬಂದ ವಸುಮತಿ ಗಂಡನ ಬೆರಳುಗಳಿಗೆ ಹತ್ತಿದ್ದ ಅಯೊಡಿನ್ನಿನ ಕಂದು ಬಣ್ಣವನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

“ಕೈ ತೊಳ್ಕೊಳ್ಳಿ,” ಎಂದಳು ಮೆಲ್ಲಗೆ.

ಅವನು ಅಂಗಳದ ಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ತಿಕ್ಕಿದ. ಬಣ್ಣ ಬಿಡಲಿಲ್ಲ. ಚೆಂಬು ಖಾಲಿಯಾಯಿತು. ಅವಳು ಮತ್ತೊಮ್ಮೆ ತುಂಬಿಸಿ ತಂದು, ಬಗ್ಗಿ ನಿಂತು ಹೊಯ್ಯತೊಡಗಿದಳು.