ಏಳು ಜನ ನೂಕಿದ ಬಸ್ಸು

“ಯಾವಳೇ ಇದರ ಬಾಯೊಳಗೆ ಪೈಪು ಇಟ್ಟೋಳು? ಕಣ್ಣು ಅಡವಿಟ್ಟು ಬಂದಿದ್ರೇನ್ರೇ, ಮುಂಡೇರಾ?”

ಮ್ಯಾನೇಜರು ಹೀಗೆ ಕೇಳಿದಾಗ ಬಸ್ಸು ತೊಳೆಯುವ ಏಳು ಹೆಂಗಸರೂ ಡಿಪೋದ ಅಂಗಳದಲ್ಲಿ ಬ್ರಷ್ಷು ಹಿಡಿದೇ ನಿಂತಿದ್ದರು. ಬೆಳಗಿನ ಏಳು ಗಂಟೆ. ಹತ್ತಕ್ಕೆ ದೊಡ್ಡ ಸಾಹೇಬರು ಬಂದು, ಸರ್ಕಾರಿ ಶಾಲೆಗಳ ಮೊದಲ ಕರೆಂಟು ಬಸ್ಸಿನಲ್ಲಿ ಮಕ್ಕಳ ಜೊತೆ ಕೂತು ಗೇಟಿನವರೆಗೆ ಹೋಗಬೇಕು. ಬಸ್ಸು ಚಾರ್ಜೂ ಆಗುತ್ತಿಲ್ಲ, ಕದಲುತ್ತಲೂ ಇಲ್ಲ. ಚಾರ್ಜು ಮಾಡುವ ಕಿಂಡಿಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು.

“ನಾನೇ ಸಾರ್,” ಎಂದಳು ಪೈಪಕ್ಕ.

ಹತ್ತೊಂಬತ್ತು ವರ್ಷದಿಂದ ನೀರಿನ ಪೈಪು ಅವಳ ಕೈಯಲ್ಲೇ ಇದ್ದುದರಿಂದ ಆ ಹೆಸರು. ಹಳೆಯ ಬಸ್ಸುಗಳಲ್ಲಿ ಡೀಸೆಲ್ ತುಂಬುವ ಮುಚ್ಚಳದ ಸುತ್ತ ಎಣ್ಣೆ ಜಿನುಗಿ, ಅದರ ವಾಸನೆಗೆ ಹಿಂದಿನ ಸೀಟಿನ ಮಕ್ಕಳು ವಾಂತಿ ಮಾಡಿಕೊಳ್ಳುತ್ತಿದ್ದವು. ಅದಕ್ಕೆಂದೇ ಅವಳು ದಿನವೂ ಆ ಪುಟ್ಟ ಬಾಗಿಲು ತೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ. ಹೊಸ ಬಸ್ಸಿನಲ್ಲೂ ಅಂಥದೇ ಬಾಗಿಲು ಕಂಡಿತು. ಮೊದಲ ದಿನ, ಚೆನ್ನಾಗಿರಲಿ ಎಂದು ಎರಡು ಸಲ ತಿಕ್ಕಿ, ಒಳಕ್ಕೇ ಪೈಪಿಟ್ಟು ತೊಳೆದಿದ್ದಳು.

ಕಂಪನಿಯಿಂದ ಬಂದಿದ್ದ ಎಂಜಿನಿಯರ್ ಲ್ಯಾಪ್‌ಟಾಪು ಮುಚ್ಚಿ, ಬೇರೆ ಸಾಮಾನು ತರಿಸಬೇಕು, ನಾಲ್ಕು ದಿನ ಆಗುತ್ತದೆ ಎಂದ. ಇವರಿಗೆ ಯಾರೂ ತಿಳಿಸಿರಲಿಲ್ಲವೇ ಎಂದೂ ಮೆತ್ತಗೆ ಕೇಳಿದ. ತಿಳಿಸಬೇಕಾದುದನ್ನೆಲ್ಲ ಅಚ್ಚು ಹಾಕಿಸಿ ಹೋದ ತಿಂಗಳೇ ಕಳಿಸಿದ್ದರಂತೆ. ಆ ಹಾಳೆ ಮ್ಯಾನೇಜರ ಬೀರುವಿನಲ್ಲಿತ್ತು. ತೊಳೆಯುವವರಿಗೆಲ್ಲ ಕಲಿಸಿಯಾಗಿದೆ ಎಂದು ಅದರ ಕೆಳಗೆ ಸಹಿ ಹಾಕಿದ್ದವರೂ ಅವರೇ.

ಅವರು ಪೈಪಕ್ಕನನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಕಾಲು ಒದ್ದೆಯೆಂದು ಅವಳು ಹೊಸ್ತಿಲಾಚೆಯೇ ನಿಂತಳು. ಮ್ಯಾನೇಜರು ಟೈಪು ಮಾಡಿಸಿದ್ದ ಕಾಗದವನ್ನು ಓದಿ ಹೇಳಿದರು. ಹೊಸ ಬಸ್ಸು ಬಂದರೆ ನಮ್ಮ ಕೆಲಸ ಹೋಗುತ್ತದೆಂಬ ಹೊಟ್ಟೆಕಿಚ್ಚಿನಿಂದ, ತೊಳೆಯುವ ನಾವು ಏಳು ಜನ ಸೇರಿ, ಬೇಕಂತಲೇ ನೀರು ಬಿಟ್ಟೆವು. ಕೆಳಗೆ ಏಳು ಹೆಸರು, ಅವಳದು ಮೊದಲು.

“ನೀನೊಬ್ಬಳು ಹೆಬ್ಬೆಟ್ಟು ಒತ್ತು, ಸಾಕು. ಪೊಲೀಸಿಗೆ ಹೋಗಲ್ಲ, ಏಳೂ ಜನಾನ ಕೆಲಸದಿಂದ ಮಾತ್ರ ತೆಗೀತೀನಿ. ಡಿಪೋ ರೂಮು ನೀನೇ ಇಟ್ಕೋ, ನಿನ್ನ ಗಂಡ ಇರೋವರೆಗೂ. ಒತ್ತಲಿಲ್ಲ ಅನ್ನು, ಇವತ್ತೇ ಬೀಗ.”

“ಬೇಕಂತ ಮಾಡಿಲ್ಲ ಸಾರ್.”

“ಮಾಡಿಲ್ಲ ಅಂತ ನನಗೂ ಗೊತ್ತು ಕಣೇ.”

ಮ್ಯಾನೇಜರು ತೀರಾ ಕೆಟ್ಟವರಲ್ಲ. ಹೋದ ಚಳಿಗಾಲದಲ್ಲಿ ಅವಳ ಗಂಡನಿಗೆ ಹೊದೆಯಲು ತಮ್ಮ ಮನೆಯ ಕಂಬಳಿ ತಂದುಕೊಟ್ಟಿದ್ದರು. ಸಮಾರಂಭ ಮುಗಿಯುವವರೆಗೆ ಯೋಚಿಸು ಎಂದು ಕಾಗದವನ್ನು ಅವಳ ಕೈಗೇ ಕೊಟ್ಟರು.

ಡಿಪೋದ ಹಿಂದಿನ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ ಗಂಡ ದಿಂಬಿಗೆ ಒರಗಿ ಕೂತಿದ್ದ. ಅವನನ್ನು ಎಲ್ಲರೂ ಈಗಲೂ ಮೇಸ್ತ್ರಿ ಅಂತಲೇ ಕರೆಯುವುದು. ಇಪ್ಪತ್ತೆಂಟು ವರ್ಷ ಡೀಸೆಲ್ ಇಂಜಿನ್ನುಗಳ ಹೊಗೆ ಕುಡಿದು ಶ್ವಾಸಕೋಶ ಸುಟ್ಟುಹೋಗಿ, ಮಂಚದ ಪಕ್ಕದ ಸಿಲಿಂಡರಿನಿಂದ ಮೂಗಿಗೆ ನಳಿಗೆ ಇಟ್ಟಿದ್ದರು. ಹೊಗೆ ಬಿಡದ ಬಸ್ಸು ಬರುತ್ತದೆ ಎಂದಾಗ ಇಡೀ ಡಿಪೋದಲ್ಲಿ ಹೆಚ್ಚು ಹಿಗ್ಗಿದವಳು ಪೈಪಕ್ಕನೇ.

ಅವಳು ನಡೆದುದನ್ನೆಲ್ಲ ಹೇಳಿದಳು. ಅವನು ಮೂರು ಸಲ ಉಸಿರೆಳೆದುಕೊಂಡ.

“ಆ ಬಸ್ಸಿಗೂ ನನಗೂ ಒಂದೇ ದಿನ ಸ್ಟಾರ್ಟಿಂಗ್ ಟ್ರಬಲ್ಲು,” ಎಂದು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅವಳ ಒದ್ದೆ ಕೈಯನ್ನು ಕಂಬಳಿಯ ತುದಿಯಿಂದ ಒರೆಸಿದ. ಅವಳು ಒತ್ತಬೇಕೆಂದು ಆಗಲೇ ನಿರ್ಧರಿಸಿಬಿಟ್ಟಳು.

ಒಂಬತ್ತೂವರೆಗೆ ಮ್ಯಾನೇಜರಿಗೆ ಉಪಾಯ ಹೊಳೆಯಿತು. ಈ ಬಸ್ಸು ಓಡಿದರೂ ಸದ್ದಿಲ್ಲ, ಓಡದಿದ್ದರೂ ಸದ್ದಿಲ್ಲ. ಅಂಗಳ ಸಮತಟ್ಟು, ಗೇಟಿಗೆ ಅರವತ್ತು ಹೆಜ್ಜೆ. ಹಿಂದಿನಿಂದ ನೂಕಿದರೆ ಮುಂದೆ ಕೂತ ಜನಕ್ಕೆ ತಿಳಿಯುವುದಾದರೂ ಹೇಗೆ? ಏಳು ಹೆಂಗಸರನ್ನು ಬಸ್ಸಿನ ಬೆನ್ನಿಗೆ ನಿಲ್ಲಿಸಿ, ಎರಡೂ ಪಕ್ಕಕ್ಕೆ ಬಟ್ಟೆಯ ಪರದೆ ಕಟ್ಟಿಸಿದರು. ಡ್ರೈವರಣ್ಣ ಮುಖ ಗಂಟಿಕ್ಕಿಕೊಂಡೇ ಸ್ಟಿಯರಿಂಗ್ ಹಿಡಿದು ಕೂತ.

ಭಾಷಣ ಆಯಿತು. ಸಾಹೇಬರು ಹತ್ತಿದರು. ಚಪ್ಪಾಳೆ.

“ನೂಕ್ರೇ. ಉಸಿರು ಹೊರಗೆ ಬಂದ್ರೆ ನೋಡಿ,” ಎಂದು ಮ್ಯಾನೇಜರು ಪರದೆಯಾಚೆಯಿಂದ ಪಿಸುಗುಟ್ಟಿದರು.

ಬಸ್ಸು ಕದಲಿತು. ಹಿಂದಿನ ಗಾಜಿನಲ್ಲಿ ಒಂದು ಪುಟ್ಟ ಹುಡುಗಿಯ ಮುಖ ಕಂಡಿತು. ಅವಳು ಸ್ವಲ್ಪ ಹೊತ್ತು ಇವರನ್ನೇ ನೋಡಿ, ತಿರುಗಿ, ತನ್ನ ಮುಂದಿನ ಸೀಟಿಗೆ ಎರಡೂ ಕೈ ಕೊಟ್ಟು ಒಳಗಿನಿಂದ ತಾನೂ ನೂಕತೊಡಗಿದಳು.

ಪಕ್ಕದಲ್ಲಿ ನೂಕುತ್ತಿದ್ದ ಕುಳ್ಳಿಗೆ ಪೈಪಕ್ಕನ ಸೊಂಟಕ್ಕೆ ಸಿಕ್ಕಿಸಿದ್ದ ಕಾಗದ ಕಂಡಿತು. ಅವಳು ಏಳು ಜನರಲ್ಲಿ ಚಿಕ್ಕವಳು, ಬಾಯಿ ದೊಡ್ಡದು. ಅದೇನು ಎಂದು ಕೇಳಿದಳು. ನೂಕುತ್ತಲೇ ಪೈಪಕ್ಕ ಎಲ್ಲವನ್ನೂ ಹೇಳಿದಳು. ಹೇಳದೆ ಒತ್ತಲು ಅವಳಿಗೆ ಮನಸ್ಸಾಗಲಿಲ್ಲ.

“ನನ್ನ ಹೆಸ್ರೂ ಇದೆಯಾ?”

“ಇದೆ.”

“ಒತ್ತೀಯಾ?”

“ಇನ್ನೇನ್ ಮಾಡ್ಲಿ ಹೇಳೇ. ಸಿಲಿಂಡರು ತಗೊಂಡು ಎಲ್ಲಿ ಬೀದೀಲಿ ಕೂರ್ಸಲಿ ಅವರನ್ನ?”

ಕುಳ್ಳಿ ಬೈಯುತ್ತಾಳೆಂದು ಅವಳು ಕಾದಳು. ಕುಳ್ಳಿ ಬೈಯಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ನೂಕಿದಳು. ಆಮೇಲೆ ಪಕ್ಕಕ್ಕೆ ಸರಿದು, ಪೈಪಕ್ಕನ ಭುಜದಡಿ ತನ್ನ ಭುಜ ತೂರಿಸಿದಳು.

“ಅಕ್ಕ, ನೀನು ಸುಮ್ನೆ ಕೈ ಇಟ್ಕೊ, ಭಾರ ನಾ ಹಾಕ್ತೀನಿ.”

ಇನ್ನೂ ಮೂವತ್ತು ಹೆಜ್ಜೆ ಇತ್ತು. ಪೈಪಕ್ಕ ಕೈ ತೆಗೆದಳು.

“ಬಿಡ್ರೇ,” ಎಂದಳು. “ಎಲ್ರೂ ಬಿಡಿ.”

ಬಸ್ಸು ಒಂದು ಗೇಣು ತಾನೇ ಉರುಳಿ ನಿಂತಿತು. ಒಳಗೆ ಸಾಹೇಬರು ಕೈ ಬೀಸುತ್ತಲೇ ಇದ್ದರು. ಮ್ಯಾನೇಜರು ಪರದೆ ಎತ್ತಿ ನುಗ್ಗಿ ಬಂದು, ಬೇವರ್ಸಿಗಳಾ, ಏನ್ ಬಂತು ನಿಮಗೆ, ನೂಕ್ರೇ ಎಂದರು.

“ಬೆಳಿಗ್ಗೆದು ಗೊತ್ತಿಲ್ದೆ ಆಗಿದ್ದು ಸಾರ್,” ಎಂದಳು ಪೈಪಕ್ಕ. “ಇದು ಬೇಕಂತ ಮಾಡಿದ್ದು. ಇದನ್ನ ಬರ್ಕೊಳ್ಳಿ.”

ಆಗ ಮುಂದಿನಿಂದ ಬುಸ್ ಎಂದು ಉದ್ದಕ್ಕೆ ಸದ್ದು ಬಂತು. ಬ್ರೇಕು ಬಿಡಿಸಲೆಂದು ವರ್ಕ್‌ಶಾಪಿನಿಂದ ತುಂಬಿಸಿಕೊಂಡಿದ್ದ ಗಾಳಿಯನ್ನೆಲ್ಲ ಡ್ರೈವರಣ್ಣ ಬಿಟ್ಟುಬಿಟ್ಟಿದ್ದ. ಗಾಳಿ ಹೋದೊಡನೆ ಬ್ರೇಕು ಬಿದ್ದು ಚಕ್ರಗಳು ಕಚ್ಚಿಕೊಂಡವು. ಇನ್ನು ಎಪ್ಪತ್ತು ಜನ ನೂಕಿದರೂ ಬಸ್ಸು ಹೋಗುವುದಿಲ್ಲ. ಅವನು ಇಳಿದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಪಕ್ಕದಲ್ಲಿ ನಿಂತ. ಕ್ಯಾಮೆರಾದವರು ಒಬ್ಬೊಬ್ಬರಾಗಿ ಬಸ್ಸಿನ ಹಿಂದಕ್ಕೆ ಬರತೊಡಗಿದರು.

ಹನ್ನೊಂದು ಗಂಟೆಗೆ ವಾಚ್‌ಮನ್ ಬೀಗ ಹಿಡಿದು ಮೇಸ್ತ್ರಿಯ ಕೋಣೆಗೆ ಬಂದ. ಪೈಪಕ್ಕ ಒಳಗೆ ಗಂಡನ ಬೆನ್ನು ನೀವುತ್ತಿದ್ದಳು. ಆರು ಜನ ಹೊಸ್ತಿಲಿನ ಮೇಲೂ ಮೆಟ್ಟಿಲಿನ ಮೇಲೂ ಒತ್ತಾಗಿ ಕೂತಿದ್ದರು. ವಾಚ್‌ಮನ್ ಏಳಿ ಎಂದ. ಯಾರೂ ಏಳಲಿಲ್ಲ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ತಾಯಿ, ಮೇಲಿನವರ ಆರ್ಡರು ಎಂದು ಬೇಡಿಕೊಂಡ.

“ಬಟ್ಟೆ ಒದ್ದೆ ಕಣಣ್ಣ, ಒಣಗಲಿ, ಎದ್ದೇಳ್ತೀವಿ,” ಎಂದು ಕುಳ್ಳಿ ಅವನಿಗೂ ಮೆಟ್ಟಿಲಲ್ಲಿ ಜಾಗ ಬಿಟ್ಟಳು.

ಆ ಗೋಡೆಗೆ ಬಿಸಿಲು ಬೀಳುವುದೇ ಇಲ್ಲ. ಅವನು ಬೀಗ ಹಿಡಿದುಕೊಂಡೇ ನಿಂತಿದ್ದ.