ಕಣ್ಣಿಲ್ಲದ ಮರಿ

ಬಸುರಿಯ ನೆರಳು ಬಿದ್ದರೆ ಹಾವಿಗೆ ಕಣ್ಣು ಹೋಗುತ್ತದೆ ಎಂದು ನಮ್ಮವ್ವ ನನಗೆ ಹುಳುಮನೆಯ ಹೊಸ್ತಿಲು ತುಳಿಯಲು ಬಿಟ್ಟಿರಲಿಲ್ಲ. ಅವ್ವ ಎಂದರೆ ವೆಂಕಟರತ್ನಮ್ಮ, ನನ್ನ ತಾಯಿಯ ತಾಯಿ. ನನ್ನ ಅತ್ತೆಯೂ ಅವಳೇ. ತಾಯಿಯ ತಮ್ಮ ಮೋಹನ್‌ಬಾಬುವಿಗೇ ನನ್ನನ್ನು ಕೊಟ್ಟಿದ್ದಾರೆ. ಕೆಂಚಾರ್ಲಹಳ್ಳಿಯಲ್ಲಿ ಇದೇನೂ ದೊಡ್ಡ ಸುದ್ದಿಯಲ್ಲ. ಮಗನಿಗೆ ಹೆಣ್ಣು ನೋಡುವ ಮಾತು ಬಂದಾಗ ಅವ್ವ, "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ" ಎಂದು ನಕ್ಕಿದ್ದಳಂತೆ. ಆ ಕಂಕುಳ ಕೂಸು ನಾನು. ಮದುವೆಯಾದ ಮೇಲೂ ಗಂಡನನ್ನು ಮಾಮ ಎಂದೇ ಕರೆಯುತ್ತೇನೆ.

ಹುಳುಮನೆಯಲ್ಲಿ ಮೊದಲು ರೇಷ್ಮೆಹುಳು ಸಾಕುತ್ತಿದ್ದರು. ಈಗ ಹುಳುವಿನ ತಟ್ಟೆಗಳಿದ್ದ ಸ್ಟ್ಯಾಂಡಿನಲ್ಲಿ ಪ್ಲಾಸ್ಟಿಕ್ ಡಬ್ಬಿಗಳಿವೆ, ಒಂದೊಂದರಲ್ಲೂ ಒಂದೊಂದು ಬಾಲ್ ಪೈಥಾನ್. ಆಫ್ರಿಕಾ ಕಡೆಯ ಸಣ್ಣ ಹೆಬ್ಬಾವು. ವಿಷವಿಲ್ಲ, ಹೆದರಿದರೆ ಚೆಂಡಿನಂತೆ ಸುತ್ತಿಕೊಂಡು ಬಿದ್ದಿರುತ್ತದೆ. ಮಾಮ ಇವನ್ನು ಸಾಕಿ ಮಾರುತ್ತಾನೆ, ಕಾಗದಪತ್ರವೆಲ್ಲ ಸರಿಯಾಗಿದೆ ಎನ್ನುತ್ತಾನೆ. ನನಗೆ ಹಾವಿನ ಭಯವೇನೂ ಇರಲಿಲ್ಲ. ಅವುಗಳ ಊಟದ ಇಲಿಯನ್ನು ತಂದು ನನ್ನ ಫ್ರಿಜ್ಜಿನಲ್ಲಿಡುತ್ತಾನಲ್ಲ, ಅದಕ್ಕೆ ಮೈಯೆಲ್ಲಾ ಉರಿಯುತ್ತಿತ್ತು.

ಮೊಟ್ಟೆ ಒಡೆದ ದಿನ ಬೆಳಿಗ್ಗೆ ಮಾಮ ಬಾಗಿಲಲ್ಲಿ ನಿಂತು ಕೂಗಿದ. ಅವ್ವ ಹಿತ್ತಲಲ್ಲಿದ್ದಳು. ನಾನು ಹೊಟ್ಟೆ ಹೊತ್ತುಕೊಂಡು ಒಳಗೆ ನುಗ್ಗಿದೆ.

ಅವನ ಅಂಗೈಯಲ್ಲಿ ಒಂದು ಬಿಳಿ ಮರಿಯಿತ್ತು, ಮೈಮೇಲೆ ನಿಂಬೆಹಣ್ಣಿನ ಬಣ್ಣದ ಮಚ್ಚೆಗಳು, ಕೆಂಪು ಕಣ್ಣು.

"ಅಪ್ಪ ಅಮ್ಮ ಎರಡೂ ಕಂದು ಬಣ್ಣ. ಇದೆಲ್ಲಿಂದ ಬಂತು ಮಾಮ?"

"ಒಳಗೇ ಇತ್ತು ಕಣೇ. ಒಂದ್ಕಡೆಯಿಂದ ಮಾತ್ರ ಬಂದ್ರೆ ಬಚ್ಚಿಟ್ಕೊಂಡಿರುತ್ತೆ, ಮೈಮೇಲೆ ಕಾಣಲ್ಲ. ಅಪ್ಪನ ಕಡೆಯಿಂದಾನೂ ಅಮ್ಮನ ಕಡೆಯಿಂದಾನೂ ಬಂದ್ರೇನೇ ಆಚೆಗೆ ಬರೋದು. ಅದಕ್ಕೇ ಒಂದೇ ತಾಯಿ ಮರಿಗಳನ್ನ ಕೂಡಿಸಿದ್ದು. ಹೊರಗಿನದ್ರಲ್ಲಿ ಎಲ್ಲಿ ಹುಡುಕ್ತೀಯ? ಮನೇದೇ ಆದ್ರೆ ಚಾನ್ಸ್ ಜಾಸ್ತಿ."

ಎಷ್ಟು ಖುಷಿಯಿಂದ ಹೇಳಿದ ಮಹಾರಾಯ! ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಅಷ್ಟರಲ್ಲಿ ಪಕ್ಕದ ಮೊಟ್ಟೆಯಿಂದ ಇನ್ನೊಂದು ತಲೆ ಹೊರಬಂತು. ಕಂದು ಬಣ್ಣದ್ದೇ. ಮಾಮ ಅದನ್ನು ಬೆಳಕಿಗೆ ಹಿಡಿದ. ಕಣ್ಣಿರಬೇಕಾದ ಜಾಗದಲ್ಲಿ ಬರೀ ಚರ್ಮ. ಮಗ್ಗುಲು ತಿರುಗಿಸಿದ. ಅಲ್ಲೂ ಅಷ್ಟೇ.

ನಾನು ಕೇಳಿದೆ, "ಬಿಳಿ ಬಣ್ಣ ಒಂದೇನಾ ಒಳಗೆ ಬಚ್ಚಿಟ್ಕೊಂಡಿರೋದು?"

"ಏನೇನೋ ಇರುತ್ತೆ," ಎಂದ, ನನ್ನ ಮುಖ ನೋಡದೆ.

"ನಿನ್ನನ್ನ ಹೆತ್ತೋಳೇ ನಮ್ಮಮ್ಮನ್ನೂ ಹೆತ್ತಿದ್ದು. ನಮ್ಮಿಬ್ಬರೊಳಗೆ ಏನಿದೆ?"

"ಹಾವಿಗೂ ಮನುಷ್ಯರಿಗೂ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ.

ಅವ್ವ ಬಾಗಿಲಿಗೆ ಬಂದವಳು ಹಣೆ ಹಣೆ ಬಡಿದುಕೊಂಡಳು. "ಬರಬೇಡ ಅಂದ್ರೆ ಬಂದೆ. ಅದರ ಕಣ್ಣು ಹೋಯ್ತು."

"ನನ್ನ ನೆರಳೇನು ಮೊಟ್ಟೆಯೊಳಗೆ ಹೋಗಿ ಬಿತ್ತಾ ಅವ್ವ?" ನನ್ನ ಪಿತ್ತ ನೆತ್ತಿಗೇರಿತ್ತು. "ಒಂದೇ ಮನೇ ರೇಷ್ಮೆಹುಳ ಕೂಡಿಸಬಾರ್ದು, ಹಳದಿ ಗೂಡಿನ ಹೆಣ್ಣಿಗೆ ಹೊರಗಿನ ಬಿಳಿ ಗೂಡಿನ ಗಂಡೇ ಬೇಕು ಅಂತ ನೀನೇ ಹೇಳ್ತಿದ್ದೆ. ಹುಳದ ಮೇಲಿದ್ದ ಕಾಳಜಿ ನನ್ನ ಮೇಲಿರ್ಲಿಲ್ವಾ?"

 ಯಾವತ್ತೂ ಹಾವು ಮುಟ್ಟದ ಅವ್ವ ಕೈ ಚಾಚಿ ಮರಿಯನ್ನು ತೆಗೆದುಕೊಂಡಳು. ಕಣ್ಣಿಲ್ಲದ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳು ಬೈದಿದ್ದರೆ ಧೈರ್ಯ ಬರುತ್ತಿತ್ತು. 

ಚಿಂತಾಮಣಿಯಲ್ಲಿ ಮೊದಲ ಸಲ ತೋರಿಸಿದಾಗ ಡಾಕ್ಟರ್ ಹುಮಾ, "ಸಂಬಂಧದಲ್ಲೇ ಮದುವೆನಾ?" ಎಂದು ಕೇಳಿದ್ದರು. ನಾನು ಬಾಯಿ ತೆರೆಯುವ ಮುಂಚೆ ಅವ್ವ, "ಇಲ್ಲಮ್ಮ, ಹೊರಗಿನೋರು" ಎಂದುಬಿಟ್ಟಿದ್ದಳು. ನಮ್ಮ ಕಡೆ ಬಹಳ ಜನ ಹಾಗೇ ಹೇಳುತ್ತಾರೆ, ಇಲ್ಲದಿದ್ದರೆ ಡಾಕ್ಟರು ಬೈಯುತ್ತಾರೆಂದು. ಆ ಸುಳ್ಳನ್ನು ಈಗ ಸರಿಮಾಡಲೇಬೇಕಿತ್ತು.

"ಕಾರ್ ತೆಗಿ ಮಾಮ. ಈಗಲೇ ಹೋಗಣ."

ಕರೆಯದಿದ್ದರೂ ಅವ್ವ ಬಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಳು. ದಾರಿಯಲ್ಲಿ ನಾನು ಕಣ್ಣು ಮುಚ್ಚಿಕೊಂಡು ಕೂತೆ. ಹುಟ್ಟಿದಾಗಿನಿಂದ ಈ ಕತ್ತಲೆಯೇ ಎಂದರೆ ಹೇಗಿರುತ್ತದೆ ಎಂದು ನೋಡುತ್ತಿದ್ದೆ. ಬಹಳ ಹೊತ್ತು ತಡೆಯಲಾಗಲಿಲ್ಲ.

ನಿಜ ಹೇಳಿದಾಗ ಡಾಕ್ಟರು ಬೈಯಲಿಲ್ಲ. ಮೆತ್ತಗೆ ಕೇಳಿದರು: "ಮನೆಯಲ್ಲಿ ಯಾರಿಗಾದರೂ ಹುಟ್ಟುತ್ತಲೇ ಕಣ್ಣು, ಕಿವಿ ತೊಂದರೆ ಇತ್ತಾ?"

"ಯಾರಿಗೂ ಇಲ್ಲ ಮೇಡಂ," ಎಂದ ಮಾಮ.

"ಇತ್ತು," ಎಂದಳು ಅವ್ವ.

ಮಾಮ ತಿರುಗಿ ನೋಡಿದ. ಅವ್ವ ಅವನನ್ನು ನೋಡಲಿಲ್ಲ, ಡಾಕ್ಟರ ಮೇಜನ್ನು ನೋಡುತ್ತಾ ಹೇಳಿದಳು. "ನಾನೂ ಸೋದರಮಾವನ್ನೇ ಕಟ್ಕೊಂಡೋಳಮ್ಮ. ಮೊದಲ್ನೇದು ಹೆಣ್ಣು. ರೆಪ್ಪೆ ಇತ್ತು, ಒಳಗೆ ಕಣ್ಣಿರ್ಲಿಲ್ಲ. ಗೊತ್ತಾದ್ರೆ ನಮ್ಮನೆಗೆ ಯಾರೂ ಹೆಣ್ಣು ಕೊಡಲ್ಲ, ನಮ್ಮನೆಯಿಂದ ತರಲ್ಲ ಅಂತ ಒಳಕೋಣೆಯಲ್ಲೇ ಇಟ್ವಿ. ಅಲ್ಲೇ ಬೆಳೆದ್ಲು, ಇವನೂ ಇವಳಮ್ಮನೂ ಹುಟ್ಟೋಕೆ ಮುಂಚೆ ಅಲ್ಲೇ ಹೋದ್ಲು. ಹೊರಗಿನ ಹೆಣ್ಣು ತಂದ್ರೆ ಬೀಗರು ಹಳೇದನ್ನೆಲ್ಲಾ ಕೆದಕ್ತಾರೆ ಅಂತ ಹೆದರಿ ಇವಳನ್ನೇ ಮನೆಗೆ ತಂದ್ಕೊಂಡೆ."

ಡಾಕ್ಟರು ಪೆನ್ನು ಎತ್ತಿಕೊಂಡರು.

"ಆಂಜಿನಮ್ಮ ಅಂತ ಹೆಸರು. ಬರ್ಕೊಳ್ಳಮ್ಮ," ಎಂದಳು ಅವ್ವ.

ಡಾಕ್ಟರು ಬರೆದುಕೊಂಡರು. ನನ್ನನ್ನು ಮಲಗಿಸಿ, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡತೊಡಗಿದರು. ಮಗುವಿನ ಮುಖ ಕಂಡಲ್ಲಿ ಬಹಳ ಹೊತ್ತು ಕೈ ನಿಲ್ಲಿಸಿದರು. ನಾನು ಪರದೆಯ ಕಡೆ ತಿರುಗಲಿಲ್ಲ, ಡಾಕ್ಟರ ಮುಖವನ್ನೇ ನೋಡುತ್ತಾ ಮಲಗಿದ್ದೆ. 

"ಕಣ್ಣುಗುಡ್ಡೆ ಎರಡೂ ಇವೆ," ಎಂದರು ಕೊನೆಗೆ.

"ಕಾಣುತ್ತಾ ಮೇಡಂ?"

"ಅದನ್ನ ಹುಟ್ಟಿದ ಮೇಲೇ ಹೇಳೋಕಾಗೋದು. ಇನ್ನೂ ಕೆಲವು ಟೆಸ್ಟ್ ಬರೀತೀನಿ."

ಭಯದಲ್ಲಿ ಅರ್ಧ ಅಲ್ಲೇ ಇಳಿಯಿತು, ಇನ್ನರ್ಧ ನಮ್ಮ ಜೊತೆ ಕಾರು ಹತ್ತಿತು. ಮಾಮ ಸ್ಟೇರಿಂಗ್ ಹಿಡಿದು ಕೂತಿದ್ದನೇ ಹೊರತು ಕೀಲಿ ತಿರುಗಿಸಲಿಲ್ಲ. ತನಗೆ ಇನ್ನೊಬ್ಬ ಅಕ್ಕ ಇದ್ದಳೆಂದು ಅವನಿಗೂ ಇವತ್ತೇ ಗೊತ್ತಾದದ್ದು.

"ಕೇಳಿಸ್ಕೋ ಅವ್ವ," ಎಂದೆ. "ಕಾಣದಿದ್ರೂ ನನ್ನ ಮಗು ಜಗಲಿ ಮೇಲೇ ಬೆಳೆಯುತ್ತೆ. ಬಂದೋರೆಲ್ಲ ನೋಡ್ಲಿ."

ಅವ್ವ ತಲೆಯಾಡಿಸಿ ನನ್ನ ಕೈ ಹಿಡಿದುಕೊಂಡಳು. ಮರಿಯನ್ನು ಸವರಿದ ಅದೇ ಹೆಬ್ಬೆರಳು ನನ್ನ ಅಂಗೈ ಮೇಲೆ ಓಡಾಡುತ್ತಿತ್ತು. ಸಿಟ್ಟು ಹೋಗಿರಲಿಲ್ಲ, ಆದರೂ ನಾನು ಕೈ ಕೊಸರಿಕೊಳ್ಳಲಿಲ್ಲ.

"ಒಳಕೋಣೆ ಚಿಲಕದ ಸದ್ದಾದ್ರೆ ಸಾಕು, ನಗ್ತಿದ್ಲು ಕಣೇ," ಎಂದಳು. "ಯಾರೋ ಆಚೆ ಕರ್ಕೊಂಡು ಹೋಗೋಕೆ ಬಂದ್ರು ಅಂತ."